ಬಾವಲಿಯ ಮೈಮೇಲಿನ ನೊಣ

ಲೋಕ ಅರಿಯದ ಒಂದು ನೊಣದ ಮೊದಲ ವರ್ಣನೆ ಬರೆದದ್ದು ಮಾನ್ವಿಯ ನಮ್ಮ ಓಣಿಯಲ್ಲಿ ಎಂದು ಹೇಳುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ. ನಿಜಾಮರ ಕಾಲ. ಬರೆದವರು ಪಕ್ಕದ ಮನೆಯ ಸೈನ್ಸ್ ಮಾಸ್ತರರು.

ಬಾವಲಿಯ ತುಪ್ಪಳದಲ್ಲಿದ್ದು ರಕ್ತ ಹೀರುವ ಆ ನೊಣಕ್ಕೆ ರೆಕ್ಕೆಯಿಲ್ಲ. ನೋಡಿದವರೆಲ್ಲ ಜೇಡ ಎನ್ನುತ್ತಿದ್ದರು. ಮಾಸ್ತರರು ಭೂತಗನ್ನಡಿ ಚಾಚಿ, "ಮೊದಲಿಗೆ ಕಾಲು ಎಣಸ್ರಿ" ಎನ್ನುತ್ತಿದ್ದರು. ಜೇಡಕ್ಕೆ ಎಂಟು, ಇದಕ್ಕೆ ಆರು. ನಾನು ಎಣಿಸಲಿಲ್ಲ. "ಬಾವಲಿ ಆಚಾರ್ರು" ಎಂದು ಅಡ್ಡಹೆಸರಿಟ್ಟು ಊರನ್ನು ನಗಿಸಿದೆ. ಆ ಪಾಪ ನನ್ನದು.

ಜಾತಿಯ ಗುರುತು ಇರುವುದು ಗಂಡಿನ ಕೊಂಡಿಯಲ್ಲಿ; ಗಂಡುನೊಣ ನೋಡದೆ ಅದು ಹೊಸ ಜಾತಿಯೆಂದು ಹೇಳುವಂತಿರಲಿಲ್ಲ. ರಾಯಚೂರು, ದೇವದುರ್ಗದ ಹಾಳು ಗುಡಿಗಳಲ್ಲೆಲ್ಲ ಹುಡುಕಿದರೂ ಹೆಣ್ಣುಗಳಷ್ಟೇ ಸಿಕ್ಕಿದ್ದವು. ಒಂದು ಬೆಳಿಗ್ಗೆ ಊರ ಹೊರಗಿನ ಮಂಟಪದಿಂದ ಬಂದ ಮಾಸ್ತರರು ಅಂಗಳದಲ್ಲೇ ನಿಂತು, ಧೋತರಕ್ಕೆ ಅಂಟಿ ಬಂದ ನೊಣವೊಂದನ್ನು ಭೂತಗನ್ನಡಿಯಲ್ಲಿ ನೋಡಿದರು. ಹೊಟ್ಟೆಯ ತುದಿಯ ಕೊಂಡಿ ಕಂಡು "ಗಂಡು!" ಎಂದು ಕೂಗಿದರು. ಬಾವಲಿ ಮುಟ್ಟಿದ ಮಗನನ್ನು ಮೈಲಿಗೆಯಲ್ಲಿ ಒಳಗೆ ಬಿಡದ ತಾಯಿ ಅಷ್ಟರಲ್ಲಿ, ಎಂದಿನಂತೆ, ತಲೆಯ ಮೇಲೆ ಕೊಡ ನೀರು ಸುರಿದೇಬಿಟ್ಟರು.

"ಅವ್ವಾ, ಏನ್ ಮಾಡಿದಿ! ಮೋರಿಗೆ ಹೋತಲ್ಲ!"

ಮಗನ ಮುಖ ನೋಡಿದ ಆ ತಾಯಿ, ಪೂಜೆಗೆ ಉಟ್ಟ ಮಡಿ ಸೀರೆಯಲ್ಲೇ ಮೋರಿಯ ಪಕ್ಕ ಕೂತು ಕೆಸರಿಗೆ ಕೈಹಾಕಿದರು. ನಾನು ಗೋಡೆಯಾಚೆಯಿಂದ ನೋಡುತ್ತಿದ್ದೆ.

"ತಗೋ, ನಿನ್ನ ಮಹಾರಾಯ. ಇನ್ನೂ ಕಾಲು ಆಡಸಾಕತ್ತಾನ."

ಮಾಸ್ತರರು ಅದನ್ನು ಸೀಸೆಗೆ ಹಾಕಿ, ತಾಯಿಯ ಕೆಸರುಗೈ ನೋಡುತ್ತ ನಿಂತರು.

"ಏನ್ ನೋಡ್ತಿಯೋ? ನನ್ನ ತಲಿಮ್ಯಾಲೂ ಒಂದು ಕೊಡ ಹಾಕು. ಪೂಜಿಗೆ ಹೊತ್ತಾತು."