ಕೊಸರಿನ ದೇವಕ್ಕ

ದೊಡವಾಡದಲ್ಲಿ ದೇವಕ್ಕನ ಹಾಲು ಕೊಂಡವರಿಗೆಲ್ಲ ಕೊಸರಿನ ರುಚಿ ಗೊತ್ತು. ಮಾಪು ತುಂಬ ಅಳೆದು ಸುರಿದ ಮೇಲೆ, ಕೇಳಲಿ ಬಿಡಲಿ, ಇನ್ನೊಂದು ಧಾರೆ ಪಾತ್ರೆಗೆ ಬೀಳಲೇಬೇಕು. "ಬರೀ ಅಳತಿ ಕೊಡೋ ಕೈ ಒಂದು ಕೈಯೇನ?" ಎನ್ನುವುದು ಆಕೆಯ ಮಾತು. ಗಂಡ ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ಮಗನನ್ನು ಬೆಳೆಸಿದ್ದು ಆ ಕೈಯೇ. ಓಣಿಯ ಕೂಸುಗಳಿಗೆ ಔಷಧ ಕುಡಿಸಲೂ ಆಕೆಯೇ ಬೇಕಿತ್ತು. ಮೂಗು ಹಿಡಿಯದೆ, ಅಳಿಸದೆ ಕುಡಿಸುವುದು ಬೇರೆ ಯಾರಿಗೂ ಬರುತ್ತಿರಲಿಲ್ಲ.

ಆಮೇಲೆ ಬಂದಳು ಪ್ರಣಿತಾ, ಆರೋಗ್ಯ ಉಪಕೇಂದ್ರದ ಹೊಸ ನರ್ಸು. ಅವಳೂ ಹಾಲು ದೇವಕ್ಕನದೇ ಕೊಳ್ಳುತ್ತಿದ್ದಳು. ಒಂದು ದಿನ ಅಂಗನವಾಡಿಯಲ್ಲಿ ತಾಯಂದಿರನ್ನು ಕೂಡಿಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಬಣ್ಣದ ನೀರು ಎಳೆದು ತೋರಿಸಿದಳು.

"ಮನಿ ಚಮಚ ಒಂದರಂಗ ಒಂದ ಇರಂಗಿಲ್ರಿ. ಇದನ್ನ ಕಣ್ಣಿನ ಮಟ್ಟಕ್ಕ ಹಿಡೀರಿ, ಗೆರಿಗೆ ನಿಲ್ಲಸ್ರಿ. ಔಷಧಕ್ಕ ಕೊಸರ ಇಲ್ಲ."

ಹೆಂಗಸರು ದೇವಕ್ಕನ ಕಡೆ ನೋಡಿ ಕಿಸಕ್ಕನೆ ನಕ್ಕರು.

ದೇವಕ್ಕನ ಹೊಟ್ಟೆಗೆ ಕಿಚ್ಚು ಬಿತ್ತು. ನಿನ್ನೆ ಮೊನ್ನೆ ಬಂದ ಹುಡುಗಿಗೆ "ನರ್ಸಬಾಯಿ, ಚಾ ಕುಡೀರಿ" ಅನ್ನುತ್ತವಲ್ಲ ಈ ಬಾಯಿಗಳು! ಸ್ವಂತ ಸೊಸೆ ಶೈಲಜಾ ಕೂಡ ನರ್ಸು ಕೊಟ್ಟ ಸಿರಿಂಜು ತೊಳೆದು ದೇವರ ಗೂಡಿನ ಪಕ್ಕ ಇಟ್ಟಳು. ಮೊಮ್ಮಗ ಕಲ್ಮೇಶನಿಗೆ ನೆಗಡಿಯಾದಾಗ, "ನೀವು ಬಿಡ್ರಿ ಅತ್ತಿ, ನಾ ಕುಡಸ್ತೇನಿ" ಅಂದೇಬಿಟ್ಟಳು.

ಔಷಧ ಕುಡಿಸಿ ಸೊಸೆ ಬಟ್ಟೆ ಒಗೆಯಲು ಹೋದದ್ದೇ ತಡ, ದೇವಕ್ಕ ಬಾಟಲಿ ತೆಗೆದಳು. ಅಷ್ಟೇ ಅಷ್ಟು ಔಷಧಕ್ಕೆ ಯಾವ ನೆಗಡಿ ಹೋದೀತು! ಹಿತ್ತಾಳೆ ಚಮಚದಲ್ಲಿ ಕೊಸರು ಹಾಕಿದಳು, ಮತ್ತೊಂದು ಹಾಕಿದಳು. ಕೂಸು ನಕ್ಕಿತು. ಈ ನಗು ಆ ನರ್ಸಿಗೆ ಸಿಗುವುದಿಲ್ಲ ಎಂದು ಹಿಗ್ಗಿದಳು.

ಮಧ್ಯಾಹ್ನವಾದರೂ ಕೂಸು ಏಳಲಿಲ್ಲ. ಕರೆದರೆ ರೆಪ್ಪೆ ಅಲುಗಿ ಮತ್ತೆ ಮುಚ್ಚುತ್ತಿತ್ತು. ಶೈಲಜಾ ಕೂಗಿಕೊಂಡ ಕೂಗಿಗೆ ಪ್ರಣಿತಾ ಓಡಿ ಬಂದಳು, ಹಿಂದೆ ಓಣಿಯೂ ಬಂತು.

"ಎಷ್ಟು ಕುಡಿಸೀರಿ?"

"ನೀವು ಹೇಳಿದಂಗರೀ, ಗೆರಿಗೆ ಸರಿಯಾಗಿ," ಎಂದು ಶೈಲಜಾ ಅತ್ತಳು.

"ಆ ಸಿರಿಂಜಿಂದ ಆತು ನೋಡ್ರಿ," ಅಂದಳು ನೆರೆಮನೆಯ ರಾಯವ್ವ.

ಪ್ರಣಿತಾಳ ಮುಖ ಬಿಳಿಚಿತು. ದೇವಕ್ಕ ಇಷ್ಟು ದಿನ ಕೇಳಲು ಕಾದಿದ್ದ ಮಾತು ಅದೇ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಓಣಿ ಮತ್ತೆ ತನ್ನದು. ಆದರೆ ಹಿಡಿದಿದ್ದ ಕೂಸಿನ ಕೈ ಅವಳ ಬೆರಳಿನಿಂದ ಮೆತ್ತಗೆ ಜಾರಿತು.

"ಸಿರಿಂಜಿಂದಲ್ಲ, ನಾ ಹಾಕೇನಿ. ಗೆರಿ ಮ್ಯಾಲ ಎರಡ ಚಮಚ ಕೊಸರು."

ಕೂಸನ್ನು ಒಯ್ದ ಬೈಲಹೊಂಗಲದ ಆಸ್ಪತ್ರೆಯಲ್ಲೂ ಮೊದಲು ಕೇಳಿದ್ದು, ಎಷ್ಟು ಕುಡಿಸೀರಿ ಅಂತಲೇ. ಸಂಜೆ ಹೊತ್ತಿಗೆ ಕೂಸು ಕಣ್ಣು ಬಿಟ್ಟು ಹಾಲು ಕೇಳಿತು. ದೇವಕ್ಕ ಎಲ್ಲರೆದುರೂ ಅತ್ತಳು. ಹೊಟ್ಟೆಕಿಚ್ಚು ಮಾತ್ರ ಆ ಕಣ್ಣೀರಿಗೆ ಆರಲಿಲ್ಲ.

ಮುಂದೊಂದು ದಿನ ಪ್ರಣಿತಾ ಎಂದಿನಂತೆ ಹಾಲಿಗೆ ಬಂದಳು. ದೇವಕ್ಕ ಮಾಪು ತುಂಬಿ ಸುರಿದಳು. ಪ್ರಣಿತಾ ಪಾತ್ರೆ ಹಿಡಿದೇ ನಿಂತಳು.

"ಅಳತಿ ಸರಿ ಐತ್ರಿ ನರ್ಸಬಾಯಿ," ಅಂದಳು ದೇವಕ್ಕ. "ಇನ್ನ ಹೋಗ್ರಿ."

ಹಿಂದೆ ನಿಂತಿದ್ದ ರಾಯವ್ವನ ಪಾತ್ರೆಗೆ, ಪ್ರಣಿತಾ ನೋಡುತ್ತಿರುವಾಗಲೇ, ಎರಡು ಧಾರೆ ಕೊಸರು ಬಿತ್ತು.