ಅವ್ವ ತುಂಬಿದ ಉಡಿ

ಅಕ್ಕ ಸೆರಗು ಒಡ್ಡಲೇ ಇಲ್ಲ. ಉಡಿ ತುಂಬಲು ಮುತ್ತೈದೆಯರು ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದು ಸುತ್ತ ನಿಂತಿದ್ದರೂ ಅವಳು ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕುಳಿತಿದ್ದಳು.

“ಮೊದಲ ನಮ್ಮವ್ವ ಉಡಿ ತುಂಬಲಿ. ಆಮ್ಯಾಗ ನೀವೆಲ್ಲ ತುಂಬ್ರಿ.”

ಕುಂಚಾವರಂ ಗುಡ್ಡದ ನಮ್ಮ ಅಂಗಳದಲ್ಲಿ ಎಲ್ಲರೂ ಅಡುಗೆಮನೆಯ ಕಡೆ ತಿರುಗಿದರು. ಅಪ್ಪ ತೀರಿಹೋದ ಮೇಲೆ ಅವ್ವ ಯಾವ ಶುಭಕಾರ್ಯದಲ್ಲೂ ಅಡುಗೆಮನೆಯ ಹೊಸ್ತಿಲು ದಾಟಿದವಳಲ್ಲ. ಅಕ್ಕನೂ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಬಟ್ಟೆ ಹೊಲಿದು ಬದುಕಿದವಳೇ. ಅಂದು ಅವಳ ಎರಡನೇ ಮದುವೆ. ಮದುಮಗ ಚಿತ್ತಾಪುರದವರು. ಅಕ್ಕನ ಹೊಲಿಗೆ ಯಂತ್ರದ ರಿಪೇರಿಗೆಂದು ಬಂದವರು, ಆಮೇಲೆ ಯಂತ್ರ ಕೆಡದಿದ್ದರೂ ಬರತೊಡಗಿದ್ದರು. ಇನ್ನು ಮುಂದೆ ನಮ್ಮ ಗುಡ್ಡದಲ್ಲೇ ಅಂಗಡಿ ಹಾಕುವವರಿದ್ದರು.

ಮುಹೂರ್ತ ಮೀರುತ್ತದೆ ಎಂದು ಹಿರಿಯರೊಬ್ಬರು ಸಿಡುಕಿದರು. ಹಂದರದಲ್ಲಿ ಕುಳಿತಿದ್ದ ಮದುಮಗ ಅಲ್ಲಿಂದಲೇ ಹೇಳಿದರು: “ಅತ್ತಿ ಬರೋತನ ನಾ ಇಲ್ಲೇ ಕುಂತಿರ್ತೀನ್ರಿ. ನನಗೇನೂ ಅವಸರಿಲ್ಲ.”

ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಬಾಗಿಲು ಕಿರ್ ಎಂದಿತು. ಅವ್ವ ಕಣ್ಣೊರೆಸಿಕೊಳ್ಳುತ್ತ ಹೊರಬಂದಳು. ಅಕ್ಕ ಈಗ ಸೆರಗನ್ನು ಅಗಲವಾಗಿ ಹಿಡಿದಳು. ಅವ್ವ ಬೊಗಸೆ ತುಂಬ ಅಕ್ಕಿ ಸುರಿದಳು; ಅರ್ಧ ನೆಲಕ್ಕೆ ಚೆಲ್ಲಿತು. ಆಮೇಲೆ ಉಳಿದವರೆಲ್ಲ ಸಾಲಾಗಿ ಬಂದು ಉಡಿ ತುಂಬಿದರು.

ಮೊನ್ನೆ ಪಕ್ಕದ ಮನೆಯ ಬಸುರಿ ಸೊಸೆಗೆ ಉಡಿ ತುಂಬುವ ಕುಬಸ ಇತ್ತು. ನಾನಿನ್ನೂ ತಲೆ ಬಾಚಿಕೊಳ್ಳುತ್ತಿದ್ದೆ. ಅವ್ವ ಅಕ್ಕಿಯ ಬಟ್ಟಲು ಹಿಡಿದು ನನಗಿಂತ ಮೊದಲೇ ಹೊಸ್ತಿಲು ದಾಟಿದಳು.