ಪೀರಪ್ಪನ ಹರಿಯದ ಹೊಲಿಗೆ

ಐನಾಪುರದ ಪೀರಪ್ಪ ಚಿಂಚೋಳಿಗೆ ಬಂದು ಗಾಡಿಗಳ ಸೀಟಿಗೆ ಕವರು ಹೊಲಿಯತೊಡಗಿ ಇಪ್ಪತ್ತೆರಡು ವರ್ಷವಾಯಿತು. ಮೊದಮೊದಲು ಟ್ರ್ಯಾಕ್ಟರು, ಜೀಪು, ಆಮೇಲೆ ಕಾರು. ಓದುಬರಹ ಅಷ್ಟಕ್ಕಷ್ಟೇ, ಮಾತಂತೂ ಇನ್ನೂ ಕಡಿಮೆ. ಆದರೆ ಒಂದು ವಿಷಯದಲ್ಲಿ ಅವನ ಸೊಕ್ಕು ಹೇಳತೀರದು: ತನ್ನ ಹೊಲಿಗೆ ಹರಿಯುವುದಿಲ್ಲ. ರೆಕ್ಸಿನ್ ಸವೆದು ಚಿಂದಿಯಾದರೂ ದಾರ ಹಿಡಿದುಕೊಂಡೇ ಇರುತ್ತದೆ. ಚಿತ್ತಾಪುರದಿಂದಲೂ ಜನ ಗಾಡಿ ತಂದು ಅವನ ಅಂಗಡಿ ಮುಂದೆ ನಿಲ್ಲಿಸುತ್ತಿದ್ದುದು ಅದಕ್ಕೇ.

ಅವನ ಅಳಿಯ, ಮಗಳು ಜಯಮಾಲಾಳ ಗಂಡ ಭೀಮಾಶಂಕರ ಸೇಡಂನಲ್ಲಿ ಹೈಸ್ಕೂಲ್ ಮಾಸ್ತರ. ಮನೆಮಂದಿಗೆಲ್ಲ ಹಿಡಿಸುವ ಎತ್ತರದ ಗಾಡಿ ಬೇಕೆಂದು ಎರಡನ್ನು ಆರಿಸಿಟ್ಟುಕೊಂಡು, ಅವುಗಳಲ್ಲಿ ಯಾವುದು ಸುರಕ್ಷಿತ ಎಂದು ನಾಲ್ಕು ತಿಂಗಳು ತಲೆ ಕೆಡಿಸಿಕೊಂಡ, ಸುತ್ತಲಿನವರ ತಲೆಯನ್ನೂ ತಿಂದ. ಹೆಣ್ಣು ನೋಡಲು ಬಂದಾಗಲೂ ಈ ಪುಣ್ಯಾತ್ಮ ಇಷ್ಟು ವಿಚಾರಿಸಿರಲಿಲ್ಲ. ಕಾರಣ ಇತ್ತೆನ್ನಿ. ಹಿಂದಿನ ವರ್ಷ ಸಿಮೆಂಟಿನ ಲಾರಿಯೊಂದು ಅವನ ಶಾಲೆಯ ಮಾಸ್ತರರೊಬ್ಬರ ಕಾರಿಗೆ ಪಕ್ಕದಿಂದ ಗುದ್ದಿ, ಎಡಗಡೆ ಕೂತಿದ್ದ ಅವರ ಹೆಂಡತಿ ಅಲ್ಲೇ ತೀರಿಹೋಗಿದ್ದರು.

ಒಂದು ಭಾನುವಾರ ಅವನು ಮಾವನ ಅಂಗಡಿಯಲ್ಲಿ ಕೂತು, ಎರಡೂ ಗಾಡಿಗಳನ್ನು ಬೇಕೆಂದೇ ಗುದ್ದಿಸಿ ನೋಡುವ ವಿಡಿಯೊ ತೋರಿಸಿದ.

"ನೋಡ್ರಿ ಮಾವ, ಮುಂದಿನ ಏರ್‌ಬ್ಯಾಗ್ ಎರಡಕ್ಕೂ ಅವ. ಆದ್ರ ಈ ಬಿಳಿ ಗಾಡಿಗಿ ಬಾಜೂನಿಂದ ಗುದ್ದಿದ್ರೂ ಸೀಟಿನ ಒಳಗಿಂದ ಚೀಲ ಉಬ್ಬತದ. ಜಯಮಾಲಾ ಕೂಡೋ ಕಡಿ ಇದು ಇರಬೇಕ್ರಿ."

"ಒಳಗಿಂದ ಹೊರಗ ಹೆಂಗ ಬರ್ತದ್ರಿ ಅದು?"

"ಸೀಟಿನ ಹೊಲಿಗಿ ಹರಕೊಂಡು ಬರ್ತದ್ರಿ."

ಪೀರಪ್ಪನ ಕೈಯ ಕತ್ತರಿ ನಿಂತಿತು. ಆ ಹೊಲಿಗೆಯ ಮೇಲೆ ತಾನು ದಪ್ಪ ರೆಕ್ಸಿನ್ ಎಳೆದು, ಎರಡೆಳೆ ದಾರದಲ್ಲಿ ಬಿಗಿದರೆ ಚೀಲ ಎಲ್ಲಿಂದ ಬರಬೇಕು? ಅವತ್ತು ಅವನಿಗೆ ಊಟ ಸೇರಲಿಲ್ಲ. ಕವರು ಹಾಕಿಕೊಟ್ಟ ಹೊಸ ಗಾಡಿಗಳೆಲ್ಲ ನೆನಪಾದವು. ಕೊಡ್ಲಿಯ ಗುತ್ತಿಗೆದಾರರಿಗೆ, ಶಹಾಬಾದಿನ ಡಾಕ್ಟರಮ್ಮನಿಗೆ ಫೋನು ಮಾಡಿ, ಗಾಡಿ ತಂದರೆ ಪಕ್ಕದ ಹೊಲಿಗೆ ಬಿಚ್ಚಿಕೊಡುತ್ತೇನೆ ಎಂದ. ಒಬ್ಬರೂ ಬರಲಿಲ್ಲ. ಹೊಸ ಗಿರಾಕಿಗಳಿಗೆ ಹೇಳಿದರೆ, ಸಂದಿಯಲ್ಲಿ ಧೂಳು ಹೋಗುತ್ತದೆಂದು ಎದುರಿನ ಮತೀನನ ಅಂಗಡಿಗೆ ಹೋದರು. ಜನ ನಕ್ಕರೆ ನಗಲಿ, ಮಗಳ ಸೀಟಾದರೂ ಉಳಿಯಲಿ ಎಂದುಕೊಂಡ ಪೀರಪ್ಪ.

ಬಿಳಿ ಗಾಡಿಯೇ ಬಂತು. ಪೂಜೆಯ ದಿನ ತವರಿನ ಆಯೇರವೆಂದು ಪೀರಪ್ಪ ಸೇಡಂಗೆ ಕವರು ಒಯ್ದು, ತಾನೇ ತೊಡಿಸಿದ. ಮುಂದಿನ ಎರಡೂ ಸೀಟಿಗೆ ಬಾಗಿಲ ಕಡೆ ಒಂದು ಗೇಣು ಹೊಲಿಗೆ ಹಾಕದೆ ಬಿಟ್ಟಿದ್ದ. ಅಳಿಯನ ತಾಯಿ ಸುಂದರಬಾಯಿ ಕೈಯಾಡಿಸಿದವಳೇ ಮುಖ ಗಂಟುಹಾಕಿದಳು.

"ಏನ್ರಿ ಬೀಗರ, ಆಯೇರದಾಗ ಹೊಲಿಗಿ ಬಿಚ್ಚಿ ತಂದೀರಿ?"

ಸೀರೆಯಾಗಲಿ ಕುಬುಸವಾಗಲಿ, ಬಿಚ್ಚಿದ ಹೊಲಿಗೆಯ ಆಯೇರ ಕೊಡುವುದೆಂದರೆ ಮಗಳ ಸಂಸಾರ ಬಿಚ್ಚಿಹೋಗಲಿ ಎಂದಂತೆ. ಅದು ಪೀರಪ್ಪನಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೇ ತಂದಿದ್ದ. ಬಿಡಿಸಿ ಹೇಳಿದ, ಯಾರೂ ಕೇಳಲಿಲ್ಲ. ಕಡೆಗೆ ಅಳಿಯನ ಮುಖ ನೋಡಿದ. ಅವನು ಕುತ್ತಿಗೆ ತುರಿಸಿಕೊಂಡ.

"ಹೋಗ್ಲಿ ಬಿಡ್ರಿ ಮಾವ. ಅವ್ವ ಭಾಳ ಮನಸ್ಸಿಗಿ ಹಚ್ಕೊಂಡಾಳ. ಗಾಡಿಗಿ ಇರೋ ಆರು ಏರ್‌ಬ್ಯಾಗಿನಾಗ ಎರಡು ಹೋದ್ರ ಇನ್ನಾ ನಾಕು ಅವಲ್ರಿ."

ನಾಲ್ಕು ತಿಂಗಳ ವಿಚಾರ ನಾಲ್ಕು ಮಾತಿಗೆ ಮುಗಿಯಿತು. ಇಂಥ ವಿದ್ಯೆಗೆ ಏನನ್ನಬೇಕು!

ಜಯಮಾಲಾ ಅಪ್ಪನನ್ನು ಗೋಡೆಯ ಮರೆಗೆ ಕರೆದಳು.

"ಅಪ್ಪಾ, ಕೈ ಮುಗೀತೀನಿ, ಹೊಲಿದು ಬಿಡು. ಲಾರಿ ಯಾವಾಗರ ಗುದ್ದತದೋ ಇಲ್ಲೋ. ಇವರ ಮಾತು ದಿನಾ ಗುದ್ದತಾವ."

ಪೀರಪ್ಪ ಸೂಜಿ ತೆಗೆದು ಗಾಡಿಯ ಬಾಗಿಲ ಬಳಿ ಮೊಣಕಾಲೂರಿದ. ಒಂದೇ ಎಳೆಯಲ್ಲಿ, ದೂರದೂರ, ಮುಟ್ಟಿದರೆ ಹರಿಯುವ ಹಾಗೆ ಪೋಣಿಸಿದ. ಹುಟ್ಟಿದ ಮೇಲೆ ಅಂಥ ಕೆಟ್ಟ ಹೊಲಿಗೆ ಹಾಕಿದ್ದು ಅದೇ ಮೊದಲು. ಸುಂದರಬಾಯಿ ಎರಡು ಬೆರಳಲ್ಲಿ ಜಗ್ಗಿದಳು, ಕಿತ್ತುಬಂತು. "ನಿಮ್ಮ ಹೆಸರು ಇಷ್ಟಕ್ಕೇ ಏನ್ರಿ?" ಎಂದಳು. ನೆರೆದವರು ನಕ್ಕರು, ಜಯಮಾಲಾ ನೆಲ ನೋಡಿದಳು. ಪೀರಪ್ಪ ಮತ್ತೆ ಕೂತ. ಈ ಸಲ ಎರಡೆಳೆ ದಾರ, ಒತ್ತೊತ್ತಾದ ಟಾಕು. ಕಣ್ಣು ಮಂಜಾಗಿದ್ದರೂ ಕೈ ತಪ್ಪಲಿಲ್ಲ. ಸುಂದರಬಾಯಿ ಬಲ ಹಾಕಿ ಜಗ್ಗಿ ನೋಡಿ, "ಈಗ ಆಯೇರ ಅಂದ್ರ ಆಯೇರ" ಎಂದಳು.

ಜಯಮಾಲಾ ಹತ್ತಿ ಎಡಗಡೆ ಕೂತು, ಹೊಸ ಕವರನ್ನು ಸವರಿ, ಬೆಳಗಿನಿಂದ ಮೊದಲ ಸಲ ನಕ್ಕಳು.

"ಈಗ ಛಲೋ ಆತು ನೋಡಪಾ."

ಪೀರಪ್ಪ ಹೂಂ ಅಂದು, ಅವಳ ಸೆರಗು ಸಿಕ್ಕಿಕೊಳ್ಳದಂತೆ ಒಳಗೆ ಸರಿಸಿ, ಬಾಗಿಲನ್ನು ತಾನೇ ಮುಚ್ಚಿದ.